ಹಜರಾ ಬೀ ಕುಡಿಯದ ಮಜ್ಜಿಗೆ

ದೊಡ್ಡಗಂಗಮ್ಮ ಕೊತ್ತಗೆರೆ ಬಿಟ್ಟು ಕುಣಿಗಲ್ಲಿನ ಮಗನ ಮನೆ ಸೇರಿದಾಗ ಮೊದಲು ವಿಚಾರಿಸಿದ್ದೇ ಪಕ್ಕದ ಮನೆಯವರು ಯಾರು ಅಂತ. ಸಾಬರು ಎಂದು ತಿಳಿದು ಮುಖ ಗಂಟಿಕ್ಕಿದಳು. ಅವರ ಮನೆಯಲ್ಲಿ ತೊಟ್ಟು ನೀರೂ ಮುಟ್ಟಕೂಡದೆಂದು ಸೊಸೆ ಮಹಾಲಕ್ಷ್ಮಮ್ಮನಿಗೆ ಅಪ್ಪಣೆಯಾಯಿತು.

ಆದರೆ ಆ ಮನೆಯ ಹಜರಾ ಬೀ ದಿನವಿಡೀ ಜಗಲಿಯಲ್ಲಿ ಕೂತು ಹೂ ಕಟ್ಟುವವಳು. ಗಂಡ ಬಾಬಾ ಜಾನ್ ಅದನ್ನು ಸೈಕಲ್ಲಿನಲ್ಲಿ ಬೀದಿ ಬೀದಿ ಮಾರುತ್ತಿದ್ದ. ಕನಕಾಂಬರ, ಮರುಗ, ಕಾಕಡ. ಆ ಘಮಕ್ಕೆ ಕೂತಲ್ಲೇ ಮಂಪರು ಬರಬೇಕು. ಹೊಲದಲ್ಲಿ ದುಡಿದ ಕೈ ಎಷ್ಟು ದಿನ ಸುಮ್ಮನಿದ್ದೀತು? ದೊಡ್ಡಗಂಗಮ್ಮ ಒಂದು ದಿನ ಬಾಳೆನಾರು ಸೀಳಿಕೊಟ್ಟಳು, ಇನ್ನೊಂದು ದಿನ ಹೂ ಜೋಡಿಸಿಕೊಟ್ಟಳು. ಚಳಿಗಾಲ ಬರುವ ಹೊತ್ತಿಗೆ ಇಬ್ಬರೂ ಒಂದೇ ಮೊರದ ಮುಂದೆ ಕೂತು ಕಷ್ಟಸುಖ ಮಾತಾಡುತ್ತಿದ್ದರು. ಹಜರಾ ಬೀ ಕಟ್ಟಿದ ಹೂವು ರಂಗನಾಥನ ಪಟಕ್ಕೂ ಏರುತ್ತಿತ್ತು. ಆದರೂ ಒಂದು ಸಲ ಅವಳು ಟೀ ತಂದಾಗ, "ನಮ್ಮಲ್ಲಿ ನಡೆಯಲ್ಲ ಕಣವ್ವ" ಅಂದಿದ್ದಳು ಮುದುಕಿ. ಹೂವಿಗಿಲ್ಲದ ಮೈಲಿಗೆ ಟೀಗೆ ಎಲ್ಲಿಂದ ಬಂತೋ, ಆ ರಂಗನಾಥನೇ ಹೇಳಬೇಕು. ಹಜರಾ ಬೀ ಲೋಟ ಒಳಗೊಯ್ದಿದ್ದಳು.

ಎಂಬತ್ತಾರನೇ ಇಸವಿಯ ಮೇ ತಿಂಗಳು. ಅಡುಗೆ ಆಗುವ ತನಕ ಕಂಬಕ್ಕೊರಗಿದ ದೊಡ್ಡಗಂಗಮ್ಮನಿಗೆ ಕನಸು ಬಿತ್ತು. ಕುಣಿಗಲ್ ಕೆರೆಯಲ್ಲಿ ನೀರೇ ಇಲ್ಲ, ದಡದಿಂದ ದಡಕ್ಕೆ ಬರೀ ಕಾಕಡ ಹೂವು. ನಡುವೆ ಮೊಣಕಾಲು ಮುಳುಗಿಸಿ ನಿಂತ ಹಜರಾ ಬೀ, "ನೀರು ಅಮ್ಮಾ" ಅನ್ನುತ್ತಿದ್ದಾಳೆ. ಇವಳು ಎಷ್ಟು ಬೊಗಸೆ ಮೊಗೆದರೂ ಹೂವೇ ಬರುತ್ತದೆ.

ಎಚ್ಚರವಾಗಿ ಹೊರಗೆ ನೋಡಿದರೆ ಹಜರಾ ಬೀಯ ತುಟಿ ನಿಜಕ್ಕೂ ಒಣಗಿ ಬಿರಿದಿತ್ತು. ಹಾಳಾಗಲಿ ಈ ಮಡಿ ಎಂದುಕೊಂಡು ತನ್ನದೇ ಲೋಟದ ತುಂಬ ಮಜ್ಜಿಗೆ ಹುಯ್ದು, ಉಪ್ಪು ಬೆರೆಸಿ ಒಯ್ದಳು.

"ಕುಡಿ ಕಣವ್ವ."

"ಬ್ಯಾಡ ಅಮ್ಮಾ, ರಂಜಾನು. ಉಪವಾಸ ಇದೀನಿ."

"ಶನಿವಾರ ಒಪ್ಪತ್ತು ಇದ್ದಾಗ ನಾನೂ ಕುಡೀತೀನಿ. ಮಜ್ಜಿಗೆಗೆ ಯಾವ ದೋಸನೂ ಇಲ್ಲ ಬುಡು."

"ನಮ್ಮಲ್ಲಿ ನಡೆಯಲ್ಲ ಅಮ್ಮಾ."

ತಾನಾಡಿದ್ದೇ ಮಾತು. ದೊಡ್ಡಗಂಗಮ್ಮ ಲೋಟ ಹಿಡಿದು ಒಳಗೆ ಬಂದಳು. ಕಣ್ಣು ಉರಿಯುತ್ತಿತ್ತು. ಉಣ್ಣಲು ಕೂತವಳು ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಮ್ಮನೆ ಮಜ್ಜಿಗೆ ಸೇರಾಕಿಲ್ವಂತೆ ಅವಳಿಗೆ. ಇನ್ನು ಆ ಜಗಲಿ ಮೆಟ್ಟಿದ್ರೆ ಕೇಳು" ಎಂದು ಸೊಸೆಯ ಮೇಲೆ ಹರಿಹಾಯ್ದಳು.

"ಅಯ್ಯೋ ಅತ್ತೆ, ಅವರ ಉಪವಾಸ ನಮ್ಮಂಗಲ್ಲ. ಹೊತ್ತು ಮುಳುಗೋಗಂಟ ತೊಟ್ಟು ನೀರೂ ಕುಡಿಯಾಕಿಲ್ಲ" ಅಂದಳು ಮಹಾಲಕ್ಷ್ಮಮ್ಮ.

"ಈ ಬಿಸಿಲಲ್ಲಿ?"

"ಹೂಂ, ಈ ಬಿಸಿಲಲ್ಲೇ."

ದೊಡ್ಡಗಂಗಮ್ಮನಿಗೆ ಭೂಮಿಗಿಳಿದಷ್ಟು ನಾಚಿಕೆಯಾಯಿತು. ಹಜರಾ ಬೀಯ ಕಟ್ಟುಪಾಡು ಸಂಜೆಗೆ ಮುಗಿಯುತ್ತದೆ, ತನ್ನ ಕಟ್ಟುಪಾಡಿಗೆ ಸಂಜೆಯೇ ಇರಲಿಲ್ಲವಲ್ಲ! ಮುದ್ದೆ ಹಾಗೇ ಬಿಟ್ಟು ಎದ್ದಳು.

ಹೊತ್ತು ಕೆಂಪಗೆ ಇಳಿದು, ಕೆರೆ ಕಡೆಯಿಂದ ತಂಗಾಳಿ ಬೀಸುವಾಗ ಮತ್ತೆ ಮಜ್ಜಿಗೆ ಹಿಡಿದು ಅದೇ ಜಗಲಿಯಲ್ಲಿ ಕೂತಳು. ಮಸೀದಿಯಿಂದ ಬಾಂಗ್ ಕೇಳಿತು. ಹಜರಾ ಬೀ ಒಂದು ಖರ್ಜೂರ ಬಾಯಿಗಿಟ್ಟು, ಲೋಟ ತೆಗೆದುಕೊಂಡು ಗಟಗಟನೆ ಕುಡಿದಳು.

"ನೀವು ಉಂಡ್ರಾ ಅಮ್ಮಾ?"

"ಎಲ್ಲಿ ಉಣ್ಲಿ. ಮಧ್ಯಾಹ್ನದಿಂದ ಏನೂ ಇಳಿದಿಲ್ಲ."

ಹಜರಾ ಬೀ ಖರ್ಜೂರದ ತಟ್ಟೆಯನ್ನು ಇವಳತ್ತ ಸರಿಸಲು ಹೋಗಿ, ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ದೊಡ್ಡಗಂಗಮ್ಮ ಆ ಹೆದರಿಕೆ ನೋಡಿದಳು. ತಾನೇ ಬಗ್ಗಿ ಒಂದು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡಳು. ನಿಧಾನಕ್ಕೆ ಅಗಿದು ಬೀಜ ಉಗುಳಿದಳು.

"ಇಷ್ಟು ರುಚಿಯಾಗೈತೆ. ಇದನ್ನ ಇಷ್ಟು ದಿನ ಒಬ್ಬಳೇ ತಿಂತಿದ್ಯೇನೇ?" ಅಂದಳು.