ಯಾರೂ ಕಾಲಿಡದ ಮೈದಾನ

ನಮ್ಮ ಬೆಟಗೇರಿಯ ಗಂಡಸರಿಗೆ ಸಿಟ್ಟು ಬಂದರೆ ಮಾಡುವ ಮೊದಲ ಕೆಲಸ ಆಣೆ ಇಡುವುದು. ಆಮೇಲೆ ಏನು ಮಾಡುತ್ತಾರೆ ಎಂಬುದನ್ನು ನಾನಂತೂ ಈವರೆಗೆ ಕಂಡಿಲ್ಲ. ಇದನ್ನು ಓಣಿಯಲ್ಲಿ ನಿಂತು ಅವರ ಮುಖಕ್ಕೇ ಹೇಳಿದ್ದೇನೆ, ಈಗ ಬರೆಯುತ್ತಲೂ ಇದ್ದೇನೆ. ನನ್ನ ಹೆಸರು ಕೌಸರ. ಹೊಲಿಗೆ ನನ್ನ ಕೆಲಸ. ಗಂಡ ಇಲಿಯಾಸ ನೂಲಿಗೆ ಬಣ್ಣ ಹಾಕುತ್ತಾನೆ. ಗಂಡನನ್ನು ಮರ್ಯಾದೆಯಿಂದಲೇ ಮಾತಾಡಿಸುವವಳು ನಾನು. ಇಲ್ಲಿ ಮಾತ್ರ ‘ಅವನು’ ಎಂದು ಬರೆಯುತ್ತೇನೆ, ಯಾಕೆಂಬುದು ಮುಂದೆ ತಿಳಿಯುತ್ತದೆ.

ನಮ್ಮ ಫುಟ್‌ಬಾಲ್ ತಂಡದ ಹೆಸರು ನೇಕಾರ ಕ್ಲಬ್. ಅದರ ಹಸಿರು ಅಂಗಿಯ ಬಟ್ಟೆ ಪಕ್ಕದ ಮನೆಯ ಹನಮಪ್ಪನ ಮಗ್ಗದ್ದು, ಬಣ್ಣ ಇಲಿಯಾಸನದು, ಹೊಲಿಗೆ ನನ್ನದು. ಬೆವರಿಗೆ ಬಣ್ಣ ಬಿಟ್ಟು, ಪಂದ್ಯ ಮುಗಿಯುವ ಹೊತ್ತಿಗೆ ಆಟಗಾರರ ಕುತ್ತಿಗೆಯೆಲ್ಲ ಹಸಿರಾಗಿರುತ್ತಿತ್ತು. ಲಕ್ಷ್ಮೇಶ್ವರದವರು ಅದನ್ನು ಆಡಿಕೊಂಡು ನಗುತ್ತಿದ್ದರು. ನಗಲಿ ಬಿಡಿ, ಸೋತು ಹೋಗುತ್ತಿದ್ದವರೂ ಅವರೇ.

ಮೈದಾನದ ಜಾಗವನ್ನು ಬಹಳ ಹಿಂದೆ ಹತ್ತಿ ವ್ಯಾಪಾರಿಯೊಬ್ಬರು ಕ್ಲಬ್ಬಿಗೆ ಬಿಟ್ಟುಕೊಟ್ಟಿದ್ದರು. ಅವರು ಹಾಕಿದ ಷರತ್ತು ಒಂದೇ. ಊರ ಜನ ಅಲ್ಲಿ ಆಡುತ್ತ, ನೋಡುತ್ತ ಇರುವವರೆಗೆ ಅದು ಮೈದಾನವಾಗಿಯೇ ಇರಬೇಕು. ಊರೇ ಬೇಡವೆಂದು ಬಿಟ್ಟರೆ ಕ್ಲಬ್ಬಿನವರು ಏನು ಬೇಕಾದರೂ ಮಾಡಿಕೊಳ್ಳಬಹುದು. ಇದರಲ್ಲಿ ಗುಟ್ಟೇನೂ ಇರಲಿಲ್ಲ, ಓಣಿಯ ಮಕ್ಕಳಿಗೂ ಗೊತ್ತಿತ್ತು. ಊರು ಮೈದಾನವನ್ನು ಬಿಡುವ ದಿನ ಬರುತ್ತದೆ ಎಂದು ಮಾತ್ರ ಯಾರೂ ಅಂದುಕೊಂಡಿರಲಿಲ್ಲ.

ಆಮೇಲೆ ನಮ್ಮ ಮಗ್ಗುಲಿನ ಗದಗ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಕಚೇರಿಯ ಜನ ಬಂದರು, ಅವರಿಗೆಲ್ಲ ಮನೆ ಬೇಕಾಯಿತು. ಆಗ ಬಂದವನು ಉಳವಪ್ಪ. ಮುಂಡರಗಿ ಕಡೆಯವನು, ಹೊಲ ಕೊಂಡು ಪ್ಲಾಟು ಮಾಡಿ ಮಾರುವವನು. ನಮ್ಮ ಕ್ಲಬ್ಬಿಗೆ ಶಿರಹಟ್ಟಿಗೆ ಹೋಗಿ ಆಡಿ ಬರಲು ಬಸ್ಸಿನ ಖರ್ಚಿಗೂ ಗತಿಯಿಲ್ಲದಾಗ, ಆ ಖರ್ಚೆಲ್ಲ ನನ್ನದು ಎಂದು ಮುಂದೆ ಬಂದ. ನಮ್ಮವರು ಹಾರ ಹಾಕಿ ಅಧ್ಯಕ್ಷ ಮಾಡಿದರು. ಮರುವರ್ಷ ನೋಡಿದರೆ ಕಮಿಟಿಯ ತುಂಬ ಅವನ ಬೀಗರು. ಅದರ ಮುಂದಿನ ವರ್ಷ ಹಸಿರು ಅಂಗಿ ಹೋಗಿ, ಎದೆಯ ಮೇಲೆ ಅವನ ಲೇಔಟಿನ ಹೆಸರಿರುವ ಹಳದಿ ಅಂಗಿ ಹುಬ್ಬಳ್ಳಿಯಿಂದ ಬಂತು. ಆಡಲು ಜನರನ್ನೂ ಹೊರಗಿನಿಂದಲೇ ಕರೆತಂದ. ನಮ್ಮ ಊರಿನವನೊಬ್ಬನೂ ತಂಡದಲ್ಲಿ ಉಳಿಯಲಿಲ್ಲ. ಕೊನೆಗೆ ಮೈದಾನದ ಗೇಟಿಗೆ ಅವನದೇ ಕೀಲಿ ಬಿತ್ತು, ಪಂದ್ಯದ ದಿನ ಟಿಕೀಟು ಕೊಂಡವರಿಗಷ್ಟೇ ತೆರೆಯುತ್ತಿತ್ತು. ಅಲ್ಲಿಯವರೆಗೆ ಮೈದಾನ ನೋಡಿಕೊಳ್ಳುತ್ತಿದ್ದ ಊರ ಹಿರಿಯರು, ಮೈದಾನ ಯಾರ ಕೈಯಲ್ಲಿರಬೇಕು ಎಂದು ಕೋರ್ಟಿಗೆ ಹೋದರು.

ಉಳವಪ್ಪನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಹಳದಿ ದಾರದ ಉಂಡೆಯನ್ನು ಮಶೀನಿಗೆ ಹಾಕುವುದನ್ನೇ ಬಿಟ್ಟಿದ್ದೆ. ಗಿರಾಕಿಗಳು ಹಳದಿ ಬಟ್ಟೆ ತಂದರೆ ಬೇರೆ ಕಡೆ ಹೋಗಿ ಎನ್ನುತ್ತಿದ್ದೆ.

ನಮ್ಮ ಗಂಡಸರು ಹನಮಪ್ಪನ ಮನೆಯಲ್ಲಿ ಸೇರಿದರು. ನಮ್ಮ ಓಣಿಯಲ್ಲಿ ದೊಡ್ಡ ಆಣೆ ಎಂದರೆ ಮಗ್ಗ ಮುಟ್ಟಿ ಇಡುವ ಆಣೆ. ಹಿಂದೂ ಇರಲಿ, ಮುಸಲ್ಮಾನನಿರಲಿ, ಅನ್ನ ಕೊಡುವ ಮಗ್ಗ ಮುಟ್ಟಿ ಆಡಿದ ಮಾತನ್ನು ಯಾರೂ ಮುರಿಯುವುದಿಲ್ಲ. ಹನಮಪ್ಪ ಮಗ್ಗದ ಮೇಲೆ ಕೈಯಿಟ್ಟ.

“ಉಳವಪ್ಪನ ಕೀಲಿ ಇರೋತನಕ ನಮ್ಮ ಮನ್ಯಾಗಿನ ಒಂದು ಕಾಲೂ ಆ ಮೈದಾನದಾಗ ಬೀಳೂದಿಲ್ಲ. ಮಂದಿ ಕುಂಡ್ರೂ ಕಟ್ಟಿ ಖಾಲಿ ಇಟಗೊಂಡು ಆಟ ತೋರಸಲಿ ಅಂವ. ನಾಚಿಕಿ ಬಂದು ತಾನ ಓಡಿ ಹೋಗತಾನ.”

ನಾನು ಬಾಗಿಲಲ್ಲಿ ನಿಂತಿದ್ದೆ. “ಹನಮಪ್ಪಣ್ಣ, ಊರು ಬಿಟ್ರ ಜಾಗಾ ಕ್ಲಬ್ಬಿಂದು ಅಂತ ಷರತ್ತ ಐತಿ. ಈಗ ಕ್ಲಬ್ ಅಂದ್ರ ಉಳವಪ್ಪ. ನೀವ ಬಿಟ್ಟು ಹೊಂಟ್ರ ಅವಂಗ ಇನ್ನೇನು ಬೇಕು?”

“ತಂಗಿ, ಇದು ಮರ್ಯಾದಿ ಪ್ರಶ್ನೆ ಐತಿ.”

“ನಾಳೆ ಮೈದಾನ ಹೋದ್ರ ಮರ್ಯಾದಿ ಮ್ಯಾಲ ಚೆಂಡು ಆಡತೀರೇನು?”

“ಏ ಕೌಸರ, ಮನಿಗಿ ನಡಿ,” ಎಂದ ಇಲಿಯಾಸ. ಆಮೇಲೆ ಅವನೂ ಹೋಗಿ ಮಗ್ಗ ಮುಟ್ಟಿದ. ಒಬ್ಬೊಬ್ಬರಾಗಿ ಎಲ್ಲರೂ ಮುಟ್ಟಿದರು. ತಮ್ಮ ಮಾತಿಗೆ ಮನೆಯವರನ್ನೆಲ್ಲ ಕಟ್ಟಿಹಾಕಿದರು, ಮನೆಯಲ್ಲಿ ಮಾತ್ರ ಯಾರನ್ನೂ ಕೇಳಲಿಲ್ಲ.

ಅವರು ಕೇಳಬೇಕಾಗಿದ್ದದ್ದು ಹುಡುಗಿಯರನ್ನು. ನನ್ನ ಮಗಳು ಅಮೀರಾ, ಹನಮಪ್ಪನ ಮಗಳು ಪ್ರಿಯಾಂಕಾ, ಇನ್ನೂ ಹತ್ತಾರು ಹುಡುಗಿಯರು ದಿನಾ ಬೆಳಿಗ್ಗೆ ಆ ಮೈದಾನದಲ್ಲಿ ಆಡುತ್ತಿದ್ದರು. ಗಂಡು ಹುಡುಗರಿಗೆ ಎಲ್ಲಿಯಾದರೂ ನಡೆಯುತ್ತದೆ. ಕಣಗಿನಹಾಳದ ಕಡೆ ಕೊಯ್ಲಾದ ಹೊಲ ಸಿಕ್ಕರೂ ಅವರಿಗೆ ಸಾಕು. ಹುಡುಗಿಯರಿಗೆ ಬೇಕಾದದ್ದು ಮೈದಾನಕ್ಕಿಂತ ಅದರ ಸುತ್ತಲಿನ ಗೋಡೆ. ಬೀದಿಯಲ್ಲಿ ಆಡಿದರೆ ಮೊಣಕಾಲು ನೋಡುವವರು, ಬುದ್ಧಿ ಹೇಳುವವರು, ಬೈಕು ನಿಲ್ಲಿಸಿ ಹಲ್ಲು ಕಿಸಿಯುವವರು. ಗೋಡೆಯ ಒಳಗೆ ಆ ಕಾಟವಿರಲಿಲ್ಲ. ಅಮೀರಾ ಬಾಯಿಬಿಟ್ಟು ಕೂಗುವುದನ್ನು, ಬಿದ್ದು ಎದ್ದು ನಗುವುದನ್ನು ನಾನು ನೋಡಿದ್ದು ಅಲ್ಲಿ ಮಾತ್ರ. ಆ ಮೈದಾನ ಹೋದರೆ ನನ್ನ ಮಗಳ ಆಟವೂ ಹೋಯಿತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಗೇಟಿಗೆ ಕೀಲಿ ಬಿದ್ದ ಮೇಲೂ ಹುಡುಗಿಯರು ಹೋಗುವುದನ್ನು ಬಿಡಲಿಲ್ಲ. ಹಿಂದಿನ ಗೋಡೆ ಒಂದು ಕಡೆ ಕುಸಿದಿತ್ತು, ಅಲ್ಲಿಂದ ನುಗ್ಗುತ್ತಿದ್ದರು. ಇದು ಅಪ್ಪಂದಿರಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಬೇಡಿ. ಹನಮಪ್ಪನ ಹೆಂಡತಿ ಮಂಜವ್ವ ದಿನಾ ಬೆಳಿಗ್ಗೆ ಅವನ ಎದುರಿಗೇ ಮಗಳಿಗೆ ನೆನೆಸಿದ ಶೇಂಗಾ ಕೊಟ್ಟು ಕಳಿಸುತ್ತಿದ್ದಳು. ಇನ್ನು ಇಲಿಯಾಸ. ಒಂದು ಬೆಳಿಗ್ಗೆ ಅಮೀರಾಳ ಬೂಟಿಗೆ ಹತ್ತಿದ್ದ ಕೆಂಪು ಮಣ್ಣನ್ನು ನಳದ ಕೆಳಗೆ ಕೂತು ತಾನೇ ತೊಳೆದ. ಓಣಿಯಲ್ಲೆಲ್ಲ ಕರಿ ಮಣ್ಣು. ಕೆಂಪು ಗರಸು ಇರುವುದು ಮೈದಾನದಲ್ಲಿ ಮಾತ್ರ. ತೊಳೆದವನೇ ಬೂಟನ್ನು ಬಿಸಿಲಿಗೆ ಒಣಗಲು ಇಟ್ಟ. ಆ ದಿನ ಅವನ ಮೇಲೆ ಪ್ರೀತಿ ಉಕ್ಕಿ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಗಂಡಸರು ಮಾತ್ರ ತಮ್ಮ ಬಹಿಷ್ಕಾರವನ್ನು ದೊಡ್ಡ ಹಬ್ಬ ಮಾಡಿಕೊಂಡರು. ಭಾನುವಾರ ಪಂದ್ಯವಿದ್ದಾಗ ಎಲ್ಲರೂ ಹೋಗಿ ಮೈದಾನದ ಗೋಡೆಗೆ ಬೆನ್ನು ಹಚ್ಚಿ ರಸ್ತೆಯಲ್ಲಿ ಕೂರುತ್ತಿದ್ದರು. ಒಳಗೆ ಸೀಟಿ ಊದಿದರೆ ಇವರ ಕಿವಿ ನೆಟ್ಟಗಾಗುತ್ತಿತ್ತು.

“ಗೋಲಾತೇನಲೇ?” ಎಂದು ಒಬ್ಬ ಕೇಳುವನು.

“ಆದ್ರ ನಮಗೇನು?” ಎಂದು ಇನ್ನೊಬ್ಬ ಅನ್ನುವನು. ಆಮೇಲೆ ಅದು ಆಫ್‌ಸೈಡೋ ಅಲ್ಲವೋ ಎಂದು, ಕಾಣದ ಆಟದ ಮೇಲೆ ಸಂಜೆಯವರೆಗೆ ಜಗಳಾಡುವರು. ಗೋಡೆಯ ಆಚೆ ಹಳದಿ ಅಂಗಿಯವರು ಖಾಲಿ ಕಟ್ಟೆಯ ಮುಂದೆ ಆಡುತ್ತಿದ್ದರು. ಉಳವಪ್ಪನಿಗೆ ನಾಚಿಕೆಯೇನೂ ಬಂದಂತೆ ಕಾಣಲಿಲ್ಲ. ಬಿಸಿಲೆಂದು ಇವರಿಗೆ ಒಮ್ಮೆ ಮಜ್ಜಿಗೆ ಕಳಿಸಿದ. ಇವರು ಅದನ್ನು ರಸ್ತೆಗೆ ಚೆಲ್ಲಿ ಗೆದ್ದವರ ಹಾಗೆ ಮೀಸೆ ತಿರುವಿದರು.

ಅಷ್ಟರಲ್ಲಿ ಕೋರ್ಟಿನಿಂದ ಕಮಿಷನರ್ ಬರುತ್ತಾರೆಂಬ ಸುದ್ದಿ ಬಂತು. ಮೈದಾನವನ್ನು ಊರಿನವರು ನಿಜಕ್ಕೂ ಬಳಸುತ್ತಾರೋ ಇಲ್ಲವೋ ನೋಡಿ ವರದಿ ಕೊಡಲು ಕೋರ್ಟು ನೇಮಿಸಿದ ವಕೀಲರವರು. ನಾನು ಹನಮಪ್ಪನ ಮನೆಗೆ ಹೋಗಿ, ಅವತ್ತು ಒಂದು ದಿನವಾದರೂ ಒಳಗೆ ಹೋಗಿ ಕೂತುಕೊಳ್ಳಿ ಎಂದು ಹೇಳಿದೆ. ಟಿಕೀಟು ತಗೊಂಡರೆ ಉಳವಪ್ಪನ ಯಜಮಾನಿಕೆ ಒಪ್ಪಿದಂತೆ, ಗೋಡೆ ಹಾರಿದರೆ ಆಣೆ ಮುರಿದಂತೆ ಎಂದ. ಇಲಿಯಾಸನಿಗೂ ಹೇಳಿದೆ. ಹನಮಪ್ಪ ಹೋದರೆ ನಾನೂ ಹೋಗುತ್ತೇನೆ ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು.

ಕಮಿಷನರ್ ಬಂದದ್ದು ಶಿರಹಟ್ಟಿಯ ತಂಡದೊಡನೆ ಪಂದ್ಯವಿದ್ದ ಭಾನುವಾರ. ಮೊದಲು ಒಳಗೆ ಹೋಗಿ ಖಾಲಿ ಕಟ್ಟೆ ನೋಡಿದರು. ಆಮೇಲೆ ಹೊರಗೆ ಬಂದರು, ಉಳವಪ್ಪ ಅವರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ನಾನು, ಮಂಜವ್ವ, ಹುಡುಗಿಯರು ಎದುರಿನ ಬೇವಿನ ಮರದ ಕೆಳಗಿದ್ದೆವು. ಗೋಡೆಗೆ ಬೆನ್ನು ಹಚ್ಚಿ ಕೂತಿದ್ದ ಗಂಡಸರನ್ನು ನೋಡಿ ಕಮಿಷನರ್ ಕೇಳಿದರು, “ನೀವೆಲ್ಲ ಇದೇ ಊರವರೇನು? ಒಳಗ ಯಾಕ ಹೋಗಿಲ್ಲ?”

ಹನಮಪ್ಪ ಎದ್ದು ನಿಂತ. ಎದೆ ಉಬ್ಬಿತ್ತು. “ಇವರ ಕೀಲಿ ಬಿದ್ದ ದಿನದಿಂದ ನಾವು ಯಾರೂ ಒಳಗ ಕಾಲಿಟ್ಟಿಲ್ಲರಿ ಸಾಹೇಬ್ರ.”

“ಯಾರೂ?”

“ಒಂದು ನರಪಿಳ್ಳಿನೂ ಹೋಗಿಲ್ಲರಿ. ಬೇಕಾದ್ರ ಯಾರನ್ನರ ಕೇಳ್ರಿ.”

ಉಳವಪ್ಪ ತಲೆ ತಗ್ಗಿಸಿ ಕಾಲಿನ ಚಪ್ಪಲಿ ನೋಡಿಕೊಂಡ. ನಗು ಬಂದಾಗ ಅವನು ಹಾಗೆ ಮಾಡುತ್ತಾನೆ. ನಾನು ರಸ್ತೆ ದಾಟಿ ಕಮಿಷನರ್ ಬಳಿಗೆ ಓಡಿದೆ.

“ಸುಳ್ಳರಿ ಸಾಹೇಬ್ರ. ನಮ್ಮ ಹುಡುಗ್ಯಾರು ದಿನಾ ಮುಂಜಾನೆ ಒಳಗ ಆಡತಾರ. ನನ್ನ ಮಗಳು ಆಡತಾಳ, ಇವರ ಮಗಳೂ ಆಡತಾಳ. ಬರ್ರಿ, ಹಿಂದ ಗೋಡಿ ಬಿದ್ದದ್ದು ತೋರಸತೀನಿ.”

“ಗೋಡಿ ಬಿದ್ದಲ್ಲೆ ಆಡು-ಕುರಿ ಬರತಾವರಿ,” ಎಂದ ಉಳವಪ್ಪ, ಬಹಳ ಮೆತ್ತಗೆ. “ತಂಗಿ, ಮರ್ಯಾದಸ್ಥರ ಮನಿ ಹುಡುಗ್ಯಾರ ಹೆಸರು ಸುಮ್ನ ಯಾಕ ತರತೀರಿ?”

ಕಮಿಷನರ್ ಹನಮಪ್ಪನ ಕಡೆ ತಿರುಗಿದರು. “ನಿಮ್ಮ ಮಗಳು ಒಳಗ ಆಡತಾಳಂತಲ್ಲ. ಖರೇನೇನು?”

ಹನಮಪ್ಪ ಎಲ್ಲರನ್ನೂ ಒಮ್ಮೆ ನೋಡಿದ. ಮಗ್ಗ ಮುಟ್ಟಿದವರೆಲ್ಲ ಅಲ್ಲೇ ಕೂತಿದ್ದರು. “ಇಲ್ಲರಿ,” ಎಂದ. “ಮಾತು ಕೊಟ್ಟ ಮನಿ ನಮ್ಮದು.”

“ನಿಮ್ಮ ಮಗಳು?” ಎಂದು ಇಲಿಯಾಸನನ್ನು ಕೇಳಿದರು.

ನಾನು ಇಲಿಯಾಸನ ಮುಖವನ್ನೇ ನೋಡುತ್ತಿದ್ದೆ. ಬೂಟು ತೊಳೆದವನು. ಅವನು ನನ್ನ ಕಡೆ ನೋಡಲಿಲ್ಲ. “ಹೋಗಿಲ್ಲರಿ. ನಮ್ಮ ಮನಿಯಾಕಿಗೆ ಸಿಟ್ಟು ಜಾಸ್ತಿ, ಬಾಯಿಗೆ ಬಂದದ್ದು ಮಾತಾಡತಾಳ.”

ಕಮಿಷನರ್ ಕೆಟ್ಟವರೇನಲ್ಲ. ತಾವೇ ಬೇವಿನ ಮರದ ಹತ್ತಿರ ಹೋಗಿ ಅಮೀರಾಳನ್ನು ಕೇಳಿದರು, “ನೀ ಹೇಳವ್ವ. ಒಳಗ ಹೋಗಿ ಆಡತಿಯೇನು?”

ಅಮೀರಾ ನನ್ನನ್ನು ನೋಡಿದಳು. ನಾನು ಹೇಳು ಎಂದು ತಲೆಯಾಡಿಸಿದೆ. ಆಮೇಲೆ ರಸ್ತೆಯ ಆಚೆ ನಿಂತ ಅಪ್ಪನನ್ನು ನೋಡಿದಳು. ಊರಿನ ಗಂಡಸರೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದರು. ಅವಳು ಹೌದು ಅಂದಿದ್ದರೆ ಅಪ್ಪ ಅಷ್ಟೂ ಜನರ ಎದುರು ಸುಳ್ಳನಾಗುತ್ತಿದ್ದ.

“ಇಲ್ರಿ,” ಎಂದಳು. ಪ್ರಿಯಾಂಕಾಳನ್ನು ಕೇಳಿದಾಗ ಅವಳೂ ಅದನ್ನೇ ಅಂದಳು. ಮಂಜವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹಂಗಾದ್ರ ಊರಾಗಿನವರು ಈ ಮೈದಾನ ಬಳಸೂದಿಲ್ಲ ಅಂತ ಬರಕೊಳ್ಳಲೇನು?” ಎಂದರು ಕಮಿಷನರ್.

“ಬರಕೊಳ್ರಿ,” ಎಂದ ಹನಮಪ್ಪ.

ಆ ರಾತ್ರಿ ಇಲಿಯಾಸ ಊಟಕ್ಕೆ ಕೂತು, ಮಗಳು ನನ್ನ ಮಾನ ಉಳಿಸಿದಳು ಎಂದ. ನಾನು ಅವನ ಮುಂದಿನ ತಾಟು ಎತ್ತಿಕೊಂಡು ಒಳಗೆ ಹೋದೆ. ನಮ್ಮಿಬ್ಬರ ನಡುವೆ ಸರಿಯಾದ ಮಾತು ನಿಂತದ್ದು ಅವತ್ತೇ.

ತೀರ್ಪು ಬಂತು. ಊರಿನವರೇ ಮೈದಾನ ಬಿಟ್ಟಿದ್ದಾರೆ, ಜಾಗ ಕ್ಲಬ್ಬಿನದು ಎಂದಾಯಿತು. ಉಳವಪ್ಪ ಮೊದಲು ಹಿಂದಿನ ಗೋಡೆಯನ್ನು ಕಟ್ಟಿಸಿ ಗಟ್ಟಿ ಮಾಡಿದ, ಆಮೇಲೆ ಗೋಲಿನ ಕಂಬ ಕಿತ್ತು ಪ್ಲಾಟಿನ ಕಲ್ಲು ನೆಡಿಸಿದ. ಹುಡುಗಿಯರು ಒಂದು ವಾರ ಕಣಗಿನಹಾಳಕ್ಕೆ ಹೋಗುವ ದಾರಿಯ ಪಕ್ಕದ ಬಯಲಿನಲ್ಲಿ ಆಡಿ ನೋಡಿದರು. ಲಾರಿಯವರು ನಿಲ್ಲಿಸಿ ನೋಡತೊಡಗಿದರು. ಹುಡುಗಿಯರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅಮೀರಾ ಈಗ ಬೆಳಿಗ್ಗೆ ನನ್ನ ಜೊತೆ ಕೂತು ಅಂಗಿಗಳಿಗೆ ಗುಂಡಿಯ ಕಾಜಾ ಹಾಕುತ್ತಾಳೆ. ಕೆಲಸ ಚೊಕ್ಕಟವಾಗಿ ಮಾಡುತ್ತಾಳೆ.

ಹೋದ ವಾರ ಹನಮಪ್ಪ ನಾಲ್ಕೈದು ಜನರನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದ. ಇಲಿಯಾಸ ಚಾಪೆ ಹಾಸಿದ. ಈಗ ಇವರಿಗೆಲ್ಲ ಎಚ್ಚರವಾಗಿತ್ತು. ಮೇಲಿನ ಕೋರ್ಟಿಗೆ ಹೋಗುತ್ತಾರಂತೆ, ಅದಕ್ಕೂ ಮೊದಲು ಗೇಟಿನ ಮುಂದೆ ಧರಣಿ ಕೂರುತ್ತಾರಂತೆ.

“ಹುಡುಗ್ಯಾರನ್ನ ಮುಂದ ಕುಂಡ್ರಸಬೇಕಂತ ಮಾಡೀವಿ,” ಎಂದ ಹನಮಪ್ಪ. “ಕೈಯಾಗ ಚೆಂಡು ಇರಲಿ. ನಮ್ಮ ಆಟದ ಜಾಗಾ ಕಸಗೊಂಡ್ರು ಅಂತ ಇವರ ಹೇಳಿದ್ರ ಪೇಪರಿನ್ಯಾಗ ದೊಡ್ಡ ಸುದ್ದಿ ಆಕ್ಕೈತಿ. ಅಮೀರಾ ಚಂದ ಮಾತಾಡತಾಳ. ಏನಂತಿಯವ್ವ?”

ನಾನು ಬಾಯಿ ತೆರೆಯುವವಳಿದ್ದೆ. ಅಮೀರಾ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟು ತಲೆ ಎತ್ತಿದಳು.

“ಕಾಕಾ, ನಾವು ಎಂದೂ ಆ ಮೈದಾನದಾಗ ಹೋಗೇ ಇಲ್ಲಲ್ರಿ,” ಎಂದಳು. “ನೀವ ಹೇಳೀರಿ. ಅಬ್ಬಾನೂ ಹೇಳ್ಯಾನ.”

ಹನಮಪ್ಪ ಇಲಿಯಾಸನ ಕಡೆ ನೋಡಿದ. ಇಲಿಯಾಸ ಚಾಪೆಯ ಅಂಚನ್ನು ನೋಡುತ್ತಿದ್ದ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ನಾನು ಎದ್ದು ಒಲೆ ಆರಿಸಿದೆ, ಯಾರಿಗೂ ಕೊಡಲಿಲ್ಲ.