ನೀವು ಬೇಡದವರಲ್ಲ

ನಾನು ಹನ್ನೊಂದು ವರ್ಷ ಫ್ಯಾನ್ ಕಾರ್ಖಾನೆಯೊಂದರಲ್ಲಿ ಕ್ಷಮೆ ಕೇಳುವ ಕೆಲಸ ಮಾಡಿದೆ. ತಮಾಷೆಯಲ್ಲ, ಅದೇ ನನ್ನ ಹುದ್ದೆ. ಕೊಂಡ ಫ್ಯಾನು ಗಡಗಡ ಸದ್ದು ಮಾಡಿದರೆ, ತಿರುಗುವ ಬದಲು ನಡುಗಿದರೆ, ಜನ ಬೈದು ಕಾಗದ ಬರೆಯುತ್ತಿದ್ದರು. ನಾನು ವಿಷಾದಿಸಿ ಉತ್ತರ ಬರೆಯುತ್ತಿದ್ದೆ. ನಮ್ಮ ಫ್ಯಾನಿಗಿಂತ ನನ್ನ ಕಾಗದಗಳೇ ಚೆನ್ನಾಗಿ ಓಡುತ್ತವೆ ಎಂದು ಕಾರ್ಖಾನೆಯವರೇ ಆಡಿಕೊಳ್ಳುತ್ತಿದ್ದರು. ಕೊನೆಗೆ ದೂರುಗಳಿಗೆ ಕಂಪ್ಯೂಟರೇ ಉತ್ತರ ಕೊಡುವ ಏರ್ಪಾಡು ಬಂತು. ಅದು ದಿನಕ್ಕೆ ಸಾವಿರ ಸಲ ವಿಷಾದಿಸುತ್ತದೆ, ನಡುವೆ ಟೀ ಕೇಳುವುದಿಲ್ಲ. ನನ್ನನ್ನು ಮನೆಗೆ ಕಳಿಸಿದರು. ವಜಾ ಎನ್ನಲಿಲ್ಲ, ಬಿಡುಗಡೆ ಎಂದರು. ಅಳಿಯ ಅಲ್ಲ, ಮಗಳ ಗಂಡ.

ನನ್ನ ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಇದೆ ಎಂದೂ ಕಾಣದ್ದನ್ನು ಇಲ್ಲವೆಂದೂ ಬರೆಯುವುದು ಅವಳ ಕಸುಬು. ಮನೆಯಲ್ಲೂ ಅದೇ ಅಭ್ಯಾಸ.

"ಆರು ತಿಂಗಳು ಕೊಡ್ತೀನಿ" ಎಂದಳು. "ಕೆಲಸ ಹುಡುಕಿ. ಬೆಳಗ್ಗೆ ಹೊತ್ತು ಆ ನಿಮ್ಮ ಕಾದಂಬರೀನೂ ಬರೀರಿ. ಮದುವೆ ಆದಾಗಿಂದ ಬರೀತೀನಿ ಬರೀತೀನಿ ಅಂತಾನೇ ಇದ್ದೀರಿ. ಆರು ತಿಂಗಳಲ್ಲಿ ಏನೂ ಆಗಲಿಲ್ವಾ, ನನ್ನ ತಮ್ಮನ ಲಾಂಡ್ರಿಗೆ ಹೋಗಿ."

ಲಾಂಡ್ರಿ ಎಂದರೆ ನನಗೆ ಎದೆ ನಡುಕ. ಭಾವಮೈದ ಒಳ್ಳೆಯವನೇ. ಬಟ್ಟೆಗಳಿಗೆ ಚೀಟಿ ಬರೆದು ಪಿನ್ನು ಹಾಕಲು, ಒಗೆಯುವ ಮೊದಲು ಜೇಬು ನೋಡಲು ಒಬ್ಬರು ಬೇಕೆಂದು ಮೊದಲಿಂದ ಹೇಳುತ್ತಿದ್ದ. "ಬರೆಯೋ ಕೆಲಸಾನೇ ಭಾವ" ಎಂದು ನಗುತ್ತಿದ್ದ. ಆ ನಗುವೇ ನನಗೆ ಭಯ. ನಾನು ಜೀವನದಲ್ಲಿ ಬೇರೆ ಏನನ್ನೂ ಚೆನ್ನಾಗಿ ಮಾಡಿದವನಲ್ಲ. ಬರೆಯಬಲ್ಲೆ ಎಂಬ ಒಂದೇ ನಂಬಿಕೆ ಇತ್ತು. ಅದನ್ನು ಚೀಟಿಗೆ ಪಿನ್ನು ಹಾಕಿ ಕೊಟ್ಟುಬಿಟ್ಟರೆ ಉಳಿಯುವುದೇನು?

ಹೀಗಾಗಿ ದಿನವೂ ಊಟದ ಮೇಜಿನ ಮೇಲೆ ಎಡಕ್ಕೆ ಅರ್ಜಿಗಳು, ಬಲಕ್ಕೆ ಕಾದಂಬರಿ. ಕಾದಂಬರಿಯ ನಾಯಕ ಕೆಲಸ ಕಳೆದುಕೊಂಡವನು. ಮೊದಲ ಪುಟದಲ್ಲಿ ಬೆಳಗಾಗುತ್ತದೆ, ಅವನಿಗೆ ಎಚ್ಚರವಾಗುತ್ತದೆ. ಐದನೆಯ ತಿಂಗಳ ಹೊತ್ತಿಗೆ ನಲವತ್ತಮೂರು ಪುಟವಾಗಿತ್ತು. ಅವನು ಹಾಸಿಗೆಯಲ್ಲೇ ಇದ್ದ. ಚಾವಣಿಯ ಬಗ್ಗೆಯೇ ಒಂಬತ್ತು ಪುಟ ಹಿಡಿದಿತ್ತು.

ಹೆಂಡತಿ ಸಂಜೆ ಬಂದು ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದಳು: "ಎದ್ನಾ?"

"ಇನ್ನೂ ಇಲ್ಲ."

"ಪಾಪ. ಬೆನ್ನಿಗೆ ಹುಣ್ಣಾದೀತು, ಮಗ್ಗುಲಾದ್ರೂ ಬದಲಾಯಿಸಿ."

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ನಾನು ಇಲ್ಲದ ಮನುಷ್ಯನೊಬ್ಬನ ಚಾವಣಿ ಕೆತ್ತುತ್ತಿದ್ದೆ.

ಎಡಗಡೆಯ ಕಥೆಯೂ ಅಷ್ಟೇ. ಅರವತ್ತು ಅರ್ಜಿ ಹಾಕಿದ್ದೆ. ಬಹಳ ಕಡೆಯಿಂದ ಉತ್ತರವೇ ಇಲ್ಲ. ಕೆಲವರು ಒಂದು ಸಾಲಿನಲ್ಲಿ ಮುಗಿಸಿದ್ದರು. ಒಬ್ಬರಂತೂ "ಶ್ರೀಮತಿಯವರೇ" ಎಂದು ಶುರು ಮಾಡಿ ನನ್ನನ್ನು ನಿರಾಕರಿಸಿದ್ದರು. ಆಗ ಬಂತು ಲಿಫ್ಟ್ ತಯಾರಿಸುವ ಕಂಪನಿಯೊಂದರ ಕಾಗದ. ಅಲ್ಲಿ ಗುಮಾಸ್ತನ ಕೆಲಸಕ್ಕೆ ಬರೆದುಕೊಂಡಿದ್ದೆ.

"ಮಾನ್ಯರೇ, ನಿಮ್ಮ ಅರ್ಜಿಯನ್ನು ಎರಡು ಸಲ ಓದಿದೆವು. ಎರಡನೆಯ ಸಲ ಓದುವ ಅಗತ್ಯವಿರಲಿಲ್ಲ, ಮನಸ್ಸಾಯಿತು. ಈ ಹುದ್ದೆಗೆ ಬೇರೊಬ್ಬರನ್ನು ಆರಿಸಿದ್ದೇವೆ. ಈಗ ಬೇಡ ಎನ್ನುತ್ತಿದ್ದೇವೆ, ಆದರೆ ನೀವು ಬೇಡದವರಲ್ಲ."

ಬಾಗಿಲಲ್ಲೇ ನಿಂತು ಓದಿದೆ. ಕಣ್ಣು ತುಂಬಿತು. ಐದು ತಿಂಗಳಲ್ಲಿ ನನ್ನನ್ನು ಮನುಷ್ಯ ಎಂದು ಕಂಡು ಬೇಡವೆಂದವರು ಇವರೊಬ್ಬರೇ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದಿದ್ದರು, ಕೂದಲಿಗೂ ನೋವಾಗಿರಲಿಲ್ಲ.

ಸಂಜೆ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೊನೆಯ ಸಾಲನ್ನು ಎರಡು ಸಲ ಓದಿದೆ. ಅವಳು ಕಾಗದ ಇಸಿದುಕೊಂಡು, ಗಾಜಿನ ಪಟ್ಟಿಯ ಮೇಲಿನ ರಕ್ತದ ಹನಿ ನೋಡುವಂತೆ ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ" ಎಂದಳು. "ಯಾರೋ ಗೊತ್ತಿರೋರ ಮಾತಿದ್ದ ಹಾಗಿದೆ."

"ಹೌದಲ್ವಾ? ನನಗೂ ಹಾಗೇ ಅನ್ನಿಸ್ತು. ದೊಡ್ಡ ಬರಹಗಾರರ ಲಕ್ಷಣಾನೇ ಅದು" ಎಂದೆ. ಅವಳು ಅಡುಗೆಮನೆಗೆ ಹೋದಳು. ಅವತ್ತು ನಾಯಕ ಎದ್ದನೇ ಎಂದು ಕೇಳಲಿಲ್ಲ.

ಮರುದಿನ ಕಾದಂಬರಿ ಪಕ್ಕಕ್ಕಿಟ್ಟು ಆ ಕಂಪನಿಗೆ ನಾಲ್ಕು ಪುಟದ ಉತ್ತರ ಬರೆದೆ. ನಿರಾಕರಣೆಗೆ ಯಾರಾದರೂ ಧನ್ಯವಾದ ಹೇಳುತ್ತಾರೆಯೇ? ಹನ್ನೊಂದು ವರ್ಷ ಕಾಗದಕ್ಕೆ ಕಾಗದ ಬರೆದ ಕೈ ಸುಮ್ಮನಿರಲಿಲ್ಲ. ಆ ಸಾಲು ಬರೆದವರ ಕೈಕೆಳಗೆ ಟಪಾಲು ಅಂಟಿಸುವ ಕೆಲಸವಾದರೂ ಸರಿಯೇ, ಕಲಿಯುತ್ತೇನೆ ಎಂದು ಬೇಡಿಕೊಂಡೆ.

ವಾರದೊಳಗೆ ಬಂದು ಕಾಣುವಂತೆ ಕರೆ ಬಂತು. ಹೆಂಡತಿ ಕೊಟ್ಟ ಗಡುವಿಗೆ ಇನ್ನು ಹತ್ತು ದಿನವಿತ್ತು.

ಮೂರನೆಯ ಮಹಡಿಯ ಕೋಣೆಯಲ್ಲಿ ಕುಳಿತಿದ್ದವರು ಟೈ ಸಾಹೇಬರು. ಹಳೆಯ ಫ್ಯಾನ್ ಕಾರ್ಖಾನೆಯಲ್ಲಿ ಸಿಬ್ಬಂದಿ ಅಧಿಕಾರಿಯಾಗಿದ್ದವರು. ಒಮ್ಮೆ ಪರೀಕ್ಷೆಗಿಟ್ಟ ಫ್ಯಾನಿಗೆ ಅವರ ಟೈ ಸಿಕ್ಕಿಹಾಕಿಕೊಂಡಿತ್ತು. ಅಂದಿನಿಂದ ಅದರ ತುದಿಯನ್ನು ಅಂಗಿಯ ಜೇಬಿನಲ್ಲಿ ತುರುಕಿಕೊಳ್ಳುತ್ತಿದ್ದರು. ಇಲ್ಲಿ ಒಂದು ಫ್ಯಾನೂ ಇರಲಿಲ್ಲ, ಟೈ ಮಾತ್ರ ಜೇಬಿನಲ್ಲೇ ಇತ್ತು.

ನನ್ನನ್ನು ನೋಡಿದ್ದೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ರೀ ಇದು! ನಿಮ್ಮ ಕಾಗದಕ್ಕೆ ನೀವೇ ಅಡ್ಡಬಿದ್ದಿದ್ದೀರಲ್ಲ!"

ಕಪಾಟಿನಿಂದ ಒಂದು ಫೈಲು ತೆಗೆದರು. ಒಳಗೆ ಹಳದಿಗಟ್ಟಿದ ಹಾಳೆ, ಅದರ ಮೇಲೆ ನನ್ನದೇ ಅಕ್ಷರ. "ಮಾನ್ಯರೇ, ನಿಮ್ಮ ಅರ್ಜಿಯನ್ನು ಎರಡು ಸಲ ಓದಿದೆವು…"

"ನೀವು ಸೇರಿದ ಎರಡನೇ ವರ್ಷ, ಕೆಲಸ ಕೇಳಿ ಬರೆದೋರಿಗೆ ಕಳಿಸೋಕೆ ನಾನೇ ಬರೆಸಿದ್ದು. ಮರೆತ್ರಾ? ಆ ಕಂಪನಿ ಬಿಟ್ಟು ಬರುವಾಗ ಬೇರೇನೂ ತರಲಿಲ್ಲ, ಇದೊಂದನ್ನ ತಂದೆ. ಎಷ್ಟು ಸಾವಿರ ಜನಕ್ಕೆ ಹೋಗಿದೆಯೋ. ಒಬ್ಬನೂ ತಿರುಗಿ ಜಗಳ ಆಡಿಲ್ಲ."

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ನಿಜ, ಆದರೆ ಬೇರೆಯವರ ಬೆನ್ನೆಂದು ಅದಕ್ಕೇ ಕೈಮುಗಿದವನು ನಾನೊಬ್ಬನೇ ಇರಬೇಕು. ನಾಚಿಕೆಯಾಯಿತು. ಅದರ ಹಿಂದೆಯೇ ನಾಚಿಕೆಗೆಟ್ಟ ಹೆಮ್ಮೆಯೂ ಬಂತು. ಆ ಸಾಲು ನನ್ನದು!

"ಅರ್ಜಿಯಲ್ಲಿ ನನ್ನ ಹೆಸರು ನೋಡಿ ನಿಮಗೆ ಗೊತ್ತಾಗಲಿಲ್ವಾ ಸಾರ್?"

"ಅರ್ಜಿ ಯಾರ್ರೀ ಓದ್ತಾರೆ?" ಎಂದರು ಸಾಹೇಬರು.

ಆಮೇಲೆ ವಿಷಯಕ್ಕೆ ಬಂದರು. ಕಂಪನಿ ತನ್ನ ದುರಸ್ತಿ ವಿಭಾಗವನ್ನು ಮುಚ್ಚುತ್ತಿದೆ. ನೂರನಲವತ್ತು ಮಂದಿಗೆ ಕಾಗದ ಹೋಗಬೇಕು. ಸೋಮವಾರದೊಳಗೆ ಬರೆದುಕೊಟ್ಟರೆ, ಅದು ಚೆನ್ನಾಗಿದ್ದರೆ, ಕಾಗದಪತ್ರ ವಿಭಾಗದ ಕೆಲಸ ನನಗೇ, ಕಾಯಂ. "ಆ ಕೊನೇ ಸಾಲು ಮಾತ್ರ ಇರಲೇಬೇಕು. ಅದಿದ್ರೆ ಜನ ತಣ್ಣಗಿರ್ತಾರೆ."

ಮನೆಗೆ ಹಾರಿಕೊಂಡೇ ಬಂದೆ. ಹೆಂಡತಿ ಲ್ಯಾಬಿನ ಬಿಳಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಕೆಲಸ ಸಿಕ್ಕಂತೆಯೇ ಎಂದೆ. ಅದು ನಾನೇ ಬರೆದ ಕಾಗದ ಎಂದೆ. "ನೋಡು, ನನ್ನ ಒಂದು ಸಾಲು ಎರಡು ಕಂಪನಿ ನಡೆಸಿದೆ!"

"ಅದು ನಿಮ್ಮ ಸಾಲಲ್ಲ" ಎಂದಳು, ಸೂಜಿಯಿಂದ ಕಣ್ಣೆತ್ತದೆ. "ನಂದು."

ನಾನು ಕುರ್ಚಿ ಎಳೆದುಕೊಂಡು ಅವಳೆದುರು ಕುಳಿತೆ.

"ನಡುಗೋ ಟೇಬಲ್ ಫ್ಯಾನ್ ಹಿಡ್ಕೊಂಡು ನಿಮ್ಮ ಆಫೀಸಿಗೆ ಬಂದಿದ್ದೆ, ನೆನಪಿದ್ಯಾ? ಮೂರು ಸಲ ಕಾಗದದಲ್ಲಿ ಕ್ಷಮೆ ಕೇಳಿ, ನಾಲ್ಕನೇ ಸಲ ಮದುವೆ ಆಗ್ತೀರಾ ಅಂತ ಕೇಳಿದ್ರಿ. ಆಗ ನಾನೇನಂದೆ?"

ನೆನಪಾಯಿತು. ಗೇಟಿನ ಹತ್ತಿರ, ಸೈಕಲ್ ನಿಲ್ಲಿಸುವ ಶೆಡ್ಡಿನ ಪಕ್ಕ, ಕಂಕುಳಲ್ಲಿ ಫ್ಯಾನು ಇಟ್ಟುಕೊಂಡು ಅವಳು ಹೇಳಿದ್ದಳು: ಈಗ ಬೇಡ, ಆದರೆ ನೀವು ಬೇಡದವರಲ್ಲ. ಆ ಮಾತನ್ನು ಬಾಯಲ್ಲಿ ಹೊರಳಿಸಿಕೊಂಡೇ ವಾರವೆಲ್ಲ ಓಡಾಡಿದ್ದೆ. ಅದೇ ವಾರ ಸಾಹೇಬರು ಕಾಗದ ಬರೆಸಿದ್ದರು. ಆಗ ನನಗೆ ಗೊತ್ತಿದ್ದ ಅತಿ ಒಳ್ಳೆಯ ಮಾತು ಅದೇ ಆಗಿತ್ತು.

"ಅವತ್ತು ನೀವು ಓದಿದಾಗಲೇ ಗೊತ್ತಾಯ್ತು" ಎಂದಳು. "ನಿಮಗೂ ಗೊತ್ತಾಗುತ್ತೇನೋ ಅಂತ ಕಾದೆ."

"ತಪ್ಪಾಯ್ತು" ಎಂದೆ. ಹನ್ನೊಂದು ವರ್ಷ ಕ್ಷಮೆ ಕೇಳಿದವನಿಗೆ ಬೇಕಾದಾಗ ಸಿಕ್ಕಿದ್ದು ಆ ಒಂದೇ ಪದ. "ಈಗ ಅವರಿಗೆ ಆ ಸಾಲು ಬೇಕಂತೆ. ಹಾಕಲಾ?"

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ನಾನು ಆ ಮಾತು ಹೇಳಿ ಎರಡು ತಿಂಗಳಿಗೆ ಹೂಂ ಅಂದೆ. ನಿಮ್ಮ ಕಂಪನಿ ಇಷ್ಟು ವರ್ಷದಲ್ಲಿ ಯಾರಿಗಾದ್ರೂ ಹೂಂ ಅಂದಿದ್ಯಾ?"

ಭಾನುವಾರ ಪೂರ್ತಿ ಮೇಜಿನ ಮುಂದೆ ಕುಳಿತೆ. ನಾಲ್ಕೇ ಸಾಲು ಬರೆದೆ: "ನಿಮ್ಮ ವಿಭಾಗವನ್ನು ಮುಚ್ಚುತ್ತಿದ್ದೇವೆ. ನೀವು ಯಾವ ತಪ್ಪನ್ನೂ ಮಾಡಿಲ್ಲ. ನಿಮ್ಮನ್ನು ಮತ್ತೆ ಕರೆಯುವುದಿಲ್ಲ. ದಯವಿಟ್ಟು ಕಾಯದೆ ಬೇರೆ ಕೆಲಸ ಹುಡುಕಿಕೊಳ್ಳಿ." ಓದಿದ ಹೆಂಡತಿ, ಇದು ರಿಪೋರ್ಟು ಎಂದಳು. ಅವಳ ಬಾಯಲ್ಲಿ ಅದು ಹೊಗಳಿಕೆ.

ಸೋಮವಾರ ಅದನ್ನೇ ಕೊಟ್ಟುಬಂದೆ. ನಾಲ್ಕನೆಯ ದಿನ ಸಾಹೇಬರ ಉತ್ತರ ಬಂತು. ಬೇರೆ ಕಾಗದ ಬರೆಯುವ ತೊಂದರೆಯನ್ನೂ ಅವರು ತೆಗೆದುಕೊಂಡಿರಲಿಲ್ಲ. ನನ್ನ ಅರ್ಜಿಯನ್ನು ಎರಡು ಸಲ ಓದಿದ್ದರು. ನಾನು ಬೇಡದವನಾಗಿರಲಿಲ್ಲ. ಕೆಳಗೆ ರಬ್ಬರ್ ಮೊಹರು.

ಮುಂದಿನ ವಾರದಿಂದ ಲಾಂಡ್ರಿ. ಭಾವಮೈದ ನನಗೆಂದೇ ಹೊಸ ಪೆನ್ನು ತಂದಿಟ್ಟಿದ್ದ. ನಾನು ಹೆದರಿದಷ್ಟು ಕೆಟ್ಟದೇನೂ ಆಗಿರಲಿಲ್ಲ. ಹಬೆ, ಸೋಪಿನ ವಾಸನೆ, ಮಧ್ಯಾಹ್ನದ ಹೊತ್ತಿಗೆ ಕಾಲು ನೋವು. ಇಪ್ಪತ್ತನೆಯ ದಿನವೋ ಏನೋ, ಒಂದು ನೀಲಿ ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಕಾಗದ ಸಿಕ್ಕಿತು. ಲಿಫ್ಟ್ ಕಂಪನಿಯದು. ಕೊನೆಯ ಸಾಲು ನೋಡಲು ಬಿಚ್ಚಬೇಕಾಗಿರಲಿಲ್ಲ, ಆದರೂ ಬಿಚ್ಚಿದೆ. ಸಾಹೇಬರ ಬಳಿ ಹಳೆಯ ಪ್ರತಿ ಇತ್ತಲ್ಲ.

ಸಂಜೆ ಅಂಗಿ ಒಯ್ಯಲು ಬಂದ, ಆ ದುರಸ್ತಿ ವಿಭಾಗದ ಮೆಕ್ಯಾನಿಕ್ಕನ ಕೈಗೆ ಅದನ್ನು ಕೊಟ್ಟೆ. ಅವನ ಮುಖ ಅರಳಿತು.

"ಅಬ್ಬಾ, ಒಗೆದುಬಿಟ್ರೇನೋ ಅಂದ್ಕೊಂಡಿದ್ದೆ! ಕೆಲಸ ಹೋಯ್ತು ಸಾರ್, ಆದ್ರೂ ಎಷ್ಟು ಚೆನ್ನಾಗಿ ಬರ್ದಿದ್ದಾರೆ ನೋಡಿ. ಈಗ ಬೇಡ ಅಂದಿದ್ದಾರೆ ಅಷ್ಟೆ. ಕರೀತಾರೆ. ಅದಕ್ಕೇ ಬೇರೆ ಕಡೆ ಎಲ್ಲೂ ಸೇರಿಲ್ಲ."

"ಕರೆಯಲ್ಲ" ಎಂದೆ.

"ನಿಮಗೆ ಹೇಗೆ ಗೊತ್ತು?"

"ಬರೆದವನು ನಾನೇ."

ಅವನು ನನ್ನನ್ನು, ನನ್ನ ಕೈಯಲ್ಲಿದ್ದ ಪಿನ್ನಿನ ಡಬ್ಬಿಯನ್ನು ನೋಡಿ ಕನಿಕರದಿಂದ ನಕ್ಕ. ಅಂಗಿಯನ್ನು ಕಂಕುಳಲ್ಲಿಟ್ಟುಕೊಂಡು, ಕಾಗದವನ್ನು ಜೋಪಾನವಾಗಿ ಜೇಬಿಗೆ ಸೇರಿಸಿ ಹೊರಟುಹೋದ. ನನ್ನ ಬರವಣಿಗೆಯನ್ನು ಅಷ್ಟು ನಂಬಿದ ಓದುಗ ಮತ್ತೊಬ್ಬನಿಲ್ಲ. ಅವನ ಹಿಂದೆ ಓಡಿಹೋಗಿ ಕಿತ್ತುಕೊಂಡು ಹರಿಯಬೇಕೆನ್ನಿಸಿತು. ಓಡಲಿಲ್ಲ. ಮುಂದಿನ ಅಂಗಿಗೆ ಚೀಟಿ ಬರೆದು ಪಿನ್ನು ಹಾಕಿದೆ.

ಮಾರನೆಯ ಬೆಳಗ್ಗೆ ಲಾಂಡ್ರಿಗೆ ಹೊರಡುವ ಮೊದಲು ಒಂದು ಗಂಟೆ ಮೇಜಿನ ಮುಂದೆ ಕುಳಿತೆ. ನಲವತ್ತಮೂರು ಪುಟ ತೆಗೆದು ಬದಿಗಿಟ್ಟು, ಹೊಸ ಹಾಳೆ ಎತ್ತಿಕೊಂಡೆ. ಹೆಂಡತಿ ಚಪ್ಪಲಿ ಹಾಕಿಕೊಳ್ಳುತ್ತ ಬಹಳ ದಿನಗಳ ಮೇಲೆ ಕೇಳಿದಳು: "ಎದ್ನಾ?"

"ಎದ್ದ. ಗೇಟಿನ ಹತ್ತಿರ ನಿಂತಿದ್ದಾನೆ. ಎದುರಿಗೆ ಕಂಕುಳಲ್ಲಿ ಫ್ಯಾನು ಇಟ್ಕೊಂಡು ಒಬ್ಬಳು ಬಂದಿದ್ದಾಳೆ."

ಅವಳು ಒಂದು ಕಾಲಿಗೆ ಚಪ್ಪಲಿ ಹಾಕಿ ಹಾಗೇ ನಿಂತಳು. "ಏನಂತಾಳೆ?"

"ಅಲ್ಲೇ ನಿಲ್ಲಿಸಿದ್ದೀನಿ. ಆ ಮಾತು ಹಾಕೋಕೆ ಮೊದಲು ನಿನ್ನನ್ನ ಕೇಳಬೇಕಿತ್ತು."

ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡು ಅವಳು ಬಾಗಿಲು ತೆರೆದಳು.

"ಈಗ ಬೇಡ" ಎಂದಳು. "ಎರಡು ತಿಂಗಳು ಬಿಟ್ಟು ಕೇಳಿ."