ಗೊತ್ತಿರುವ ಒಂದು ಮಗು

ಮಧ್ಯಾಹ್ನ ಊಟ ಮುಗಿಸಿ ರುದ್ರವ್ವ ಚಾಪೆಯ ಮೇಲೆ ಅಡ್ಡಾದಳೋ ಇಲ್ಲವೋ, ಹೊರಗಿನ ಕೋಣೆಯ ಫೋನು ಬಡಿದುಕೊಳ್ಳಲು ಶುರು. ಅತ್ತ ಕಡೆ, ಮಗುವನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಲು ಕೂತು ತಲೆ ಕೆಡಿಸಿಕೊಂಡ ಪುಣೆಯ ಯಾರೋ ಒಬ್ಬ ತಾಯಿ. ಇತ್ತ ಕಡೆ, ಅದೇ ಪುಣೆಯ ಖಡಕಿಯ ಎರಡು ಕೋಣೆಯ ಮನೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ರುದ್ರವ್ವನ ಸೊಸೆ ರೇಣು. ಕೇಳುವವಳು ಒಂದು ಕೇಳಿದರೆ ಇವಳು ನಾಲ್ಕು ಹೇಳಬೇಕು, ಇಲ್ಲದಿದ್ದರೆ ಇವಳಿಗೆ ಉಂಡದ್ದು ಅರಗುವುದಿಲ್ಲ.

ಊಟ ಆದ ಮೇಲೆ ಲೆಕ್ಕ ಕಲಿಸಲು ಕೂರಬೇಡಿ, ಮಗು ತೂಕಡಿಸುತ್ತದೆ, ನಿಮಗೆ ಸಿಟ್ಟು ಬರುತ್ತದೆ, ಅದರಲ್ಲಿ ಭಾಗಾಕಾರದ ತಪ್ಪೇನೂ ಇರುವುದಿಲ್ಲ. ದಿನಕ್ಕೆ ಒಂದೇ ತಪ್ಪು ತಿದ್ದಿ, ಉಳಿದವು ಎಲ್ಲಿಗೂ ಓಡಿಹೋಗುವುದಿಲ್ಲ. ಸಿಟ್ಟು ನೆತ್ತಿಗೇರಿದರೆ ಮಗುವನ್ನು ಹೊರಗೆ ಕಳಿಸಬೇಡಿ, ನೀವೇ ಬಾಲ್ಕನಿಗೆ ಹೋಗಿ ಒಗೆದ ಬಟ್ಟೆ ಹಿಂಡಿ. ಬೆಳಗಿನ ಹೊತ್ತು ಕಾಯಿಪಲ್ಲೆ ತರಲು ಹೋದಾಗ ರಿಕ್ಷಾದವನು "ಆಜ್ ಶಾಳಾ ನಾಹೀ ಕಾ?" ಎಂದು, ಇವತ್ತು ಶಾಲೆ ಇಲ್ಲವೇ ಎಂದು ಕೇಳಿಯೇ ಕೇಳುತ್ತಾನೆ, ನೀವು ನಡುವೆ ಬಾಯಿ ಹಾಕಬೇಡಿ, ಉತ್ತರ ಮಗುವೇ ಕೊಡಲಿ. ಇನ್ನು ಬೀಗರು ಬಂದರೆ, ಹದಿನೇಳರ ಮಗ್ಗಿ ಹೇಳು ಎಂದು ಅವರು ಶುರು ಮಾಡುವ ಮೊದಲೇ ಅವಲಕ್ಕಿ ಚೂಡಾದ ತಾಟು ಮುಂದಿಟ್ಟುಬಿಡಿ. ಬಾಯಿ ತುಂಬಿದವರು ಪರೀಕ್ಷೆ ಮಾಡುವುದಿಲ್ಲ.

"ಊರಿಗೆ ಉಪಕಾರಿ, ಮನಿಗೆ ಮಾರಿ," ಎಂದು ರುದ್ರವ್ವ ಮಗ್ಗಲು ಬದಲಿಸುತ್ತಿದ್ದಳು. "ಒಂದೀಟು ಕಣ್ಣು ಹತ್ತಗೊಡವಾ ನನ್ನ ತಾಯಿ. ನಿಮ್ಮ ಶಾಲಿಗೆ ಸೂಟೀನ ಇಲ್ಲೇನು?"

ರೇಣುವಿನ ಗಂಡ ಮಹಾಲಿಂಗನದು ಖಡಕಿ ಬಜಾರಿನಲ್ಲಿ ವಹಿ, ಪೆನ್ಸಿಲ್, ಕಂಪಾಸ್ ಪೆಟ್ಟಿಗೆ ಮಾರುವ ಅಂಗಡಿ. ಜೂನ್ ಬಂತೆಂದರೆ ಪೇಟೆಯ ಮಕ್ಕಳೆಲ್ಲ ಅವನ ಮುಂದೆ ಸಾಲುಗಟ್ಟಬೇಕು. ಅವನ ಸ್ವಂತ ಮಗಳು ಮಾತ್ರ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಗಿರಾಕಿಗಳು ಚುಡಾಯಿಸಿದರೆ ನಗುತ್ತಿದ್ದ. "ಮಿಠಾಯಿ ಮಾರಾಂವ ಮಿಠಾಯಿ ತಿಂತಾನೇನ್ರಿ?" ಎನ್ನುತ್ತಿದ್ದ. ಹೆಂಡತಿಯ ಕೆಲಸದಲ್ಲಿ ಅವನು ತಲೆ ಹಾಕುತ್ತಿರಲಿಲ್ಲ, ತಲೆ ಉಳಿಯಬೇಕಲ್ಲ.

ರೇಣು ಇದನ್ನು ಶೋಕಿಗೆ ಶುರು ಮಾಡಿದ್ದಲ್ಲ. ಮಗಳು ಸ್ನೇಹಲ್ ಆರು ವರ್ಷದವಳಿದ್ದಾಗ, ಎಡಗೈಯಲ್ಲಿ ಬರೆಯುತ್ತಾಳೆಂದು ಅವಳ ಟೀಚರು ದಿನವೂ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಬೆಳಗಾಯಿತೆಂದರೆ ಮಗುವಿಗೆ ವಾಂತಿ. ಹೊಟ್ಟೆಯಲ್ಲಿ ಏನೂ ದೋಷವಿಲ್ಲ ಎಂದರು ಡಾಕ್ಟರು. ಒಂದು ದಿನ ರೇಣು ನೆಟ್ಟಗೆ ಹೋಗಿ ಮಗಳ ಹೆಸರು ತೆಗೆಸಿಕೊಂಡು ಬಂದಳು. ಆಗ ಜನ ಆಡಿದ ಮಾತು ಒಂದೇ, ಎರಡೇ? "ಹುಡಿಗೀನ್ನ ದಡ್ಡಿ ಮಾಡಿ ಇಡಾವ್ರೇನು ನೀವು?" ಎಂದು ಬಾಗಲಕೋಟೆಯಿಂದ ನಾದಿನಿ ಫೋನಿನಲ್ಲೇ ಕೂಗಾಡಿದ್ದಳು. ರೇಣು ಹಲ್ಲು ಕಚ್ಚಿಕೊಂಡು ಸಹಿಸಿದಳು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಸ್ನೇಹಲ್ ಮೂರು ಭಾಷೆ ಓದತೊಡಗಿದಳು, ಮೈ ತುಂಬಿಕೊಂಡಳು, ನಗತೊಡಗಿದಳು. ಈಗ, ಎರಡು ಸಾವಿರದ ಮೂರನೇ ಇಸವಿಯಲ್ಲಿ, ಹುಚ್ಚಿ ಎಂದವರೇ ಪರಿಚಯದವರಿಗೆಲ್ಲ ರೇಣುವಿನ ನಂಬರು ಕೊಡುತ್ತಿದ್ದರು. ಈ ಹುಡುಗಿ ಮನೆಯಲ್ಲೇ ಕಲಿತು ಗೆದ್ದು ತೋರಿಸಬೇಕು. ರೇಣುವಿನ ಮಾನವೆಲ್ಲ ಅದೊಂದರ ಮೇಲೆ ನಿಂತಿತ್ತು.

ತಿಂಗಳಿಗೊಂದು ಭಾನುವಾರ ಇಂಥ ತಂದೆ-ತಾಯಿಗಳೆಲ್ಲ ರೇಣುವಿನ ಮನೆಯಲ್ಲಿ ಸೇರುತ್ತಿದ್ದರು. ಮಕ್ಕಳು ಅಲ್ಲೇ ಸುತ್ತಮುತ್ತ ಆಡಿಕೊಂಡಿರುತ್ತಿದ್ದವು. ಅವುಗಳಿಗೆ ನಾಚಿಕೆಯಾಗಬಾರದೆಂದು ರೇಣು ಒಂದು ರೂಢಿ ಹಾಕಿದ್ದಳು. ಯಾರೂ ತಮ್ಮ ಮಗುವಿನ ಹೆಸರೆತ್ತಿ ದೂರು ಹೇಳುವಂತಿಲ್ಲ. "ನನಗೆ ಗೊತ್ತಿರುವ ಒಂದು ಮಗು ಇದೆ" ಎಂದೇ ಮಾತು ತೆಗೆಯಬೇಕು. ಗೊತ್ತಿರುವ ಮಗು ಎಂದರೆ ಹೇಳುವವರ ಸ್ವಂತ ಮಗುವೇ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರ ಹಾಗೆ ಕೂರುವುದು ಅಲ್ಲಿಯ ಮರ್ಯಾದೆ.

ದೀಪಾವಳಿ ಸೂಟಿ ಮುಗಿದು ಊರಿನ ಶಾಲೆಗಳೆಲ್ಲ ಮತ್ತೆ ತೆರೆದಿದ್ದ ವಾರ. ಆ ಭಾನುವಾರ ತೃಪ್ತಿ ಬಾಯಿ ತೆರೆದಳು. ತೃಪ್ತಿ ಕುಂದಾಪುರದ ಕಡೆಯವಳು, ಗಂಡನೊಂದಿಗೆ ವಾಕಡದಲ್ಲಿ ಹೋಟೆಲು ನಡೆಸುತ್ತಿದ್ದಳು, ಮಗ ಸುಹಾಸನನ್ನು ಹಿಂದಿನ ವರ್ಷವಷ್ಟೇ ಶಾಲೆ ಬಿಡಿಸಿದ್ದಳು. ಪ್ರತಿ ಮಗುವಿಗೂ ಹೆತ್ತವರನ್ನು ಬಿಟ್ಟು ಮನಸ್ಸು ಬಿಚ್ಚಿ ಮಾತಾಡಲು ಇನ್ನೊಬ್ಬರು ದೊಡ್ಡವರು ಬೇಕು ಎಂಬುದು ರೇಣುವಿನ ಇನ್ನೊಂದು ಉಪದೇಶ. ಅದರಂತೆ ಗುರುವಾರಗುರುವಾರ ಸ್ನೇಹಲ್ ತೃಪ್ತಿಯ ಮನೆಗೆ, ಸುಹಾಸ ಇನ್ನೊಬ್ಬರ ಮನೆಗೆ ಹೋಗುವುದು ನಡೆದಿತ್ತು.

"ನನಗೆ ಗೊತ್ತಿರುವ ಒಂದು ಮಗು ಉಂಟು," ಎಂದಳು ತೃಪ್ತಿ. ಮರಾಠಿಯಲ್ಲಿ ಶುರು ಮಾಡಲು ಹೋಗಿ, ತಡವರಿಸಿ, ಕನ್ನಡಕ್ಕೇ ಬಂದಿದ್ದಳು. "ಅದಕ್ಕೆ ಶಾಲೆಗೆ ಹೋಗ್ಬೇಕಂತೆ, ರೇಣುಕ್ಕ. ಭಾರೀ ಆಸೆ. ಮನೆಯಲ್ಲಿ ಹೇಳ್ಲಿಕ್ಕೆ ಹೆದರಿಕೆ. ಅಮ್ಮನಿಗೆ ಬೇಜಾರಾಗ್ತದೆ ಅಂತ. ಎಂತ ಮಾಡುದು?"

ರೇಣು ಅದನ್ನು ಉಳಿದವರಿಗೆ ಮರಾಠಿಯಲ್ಲಿ, ಇನ್ನಷ್ಟು ಉಪ್ಪು ಖಾರ ಹಚ್ಚಿ ತಿಳಿಸಿದಳು. ಇಷ್ಟು ದಿನದಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ರೇಣುವಿನ ಕಣ್ಣು ಮೇಜಿನ ಕೆಳಗೆ ರಟ್ಟಿನ ಡಬ್ಬಿಗಳಿಂದ ಸೇತುವೆ ಕಟ್ಟುತ್ತಿದ್ದ ಸುಹಾಸನ ಮೇಲೆ ಹೋಯಿತು. ಪಾಪ, ಇಷ್ಟು ಚಿಕ್ಕ ಕೂಸು ಮನಸ್ಸಿನಲ್ಲಿ ಎಷ್ಟೊಂದು ಇಟ್ಟುಕೊಂಡಿದೆ ಎಂದುಕೊಂಡಳು.

"ಕಳಸಬೇಕ್ರಿ," ಎಂದಳು, ಎರಡೂ ಭಾಷೆಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ನಾವು ಮಕ್ಕಳನ್ನ ಶಾಲಿ ಬಿಡಿಸಿದ್ದು ಯಾಕ? ಅವುಗಳ ಮಾತು ಕೇಳಿದ್ವಿ ಅಂತ. ಇವತ್ತ ಅದೇ ಮಗು ಬ್ಯಾರೆ ಮಾತು ಹೇಳ್ತದ ಅಂದ್ರ ಕಿವಿ ಮುಚ್ಚಿಕೊಂಡು ಕೂಡಾಕ ಬರ್ತದೇನು? ತಾಯಿ ಹಟಾ ತಾಯೀನ ಹೊರಬೇಕು. ಕೂಸಿನ ತಲಿಮ್ಯಾಲ ಇಡಬಾರದು."

ಕೊನೆಯ ಮಾತಿಗೆ ಒಬ್ಬ ಮರಾಠಿ ತಂದೆ "ವಾಹ್!" ಎಂದು ತೊಡೆ ತಟ್ಟಿದ. ಅಡುಗೆಮನೆಯ ಬಾಗಿಲಲ್ಲಿ ಸ್ನೇಹಲ್ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. "ಎಲ್ಲಾರಿಗೂ ನೀರು ಕೊಡವಾ," ಎಂದಳು ರೇಣು. ಹೇಳಿದ ಮಾತು ತನಗೇ ಬಹಳ ಹಿಡಿಸಿತ್ತು.

ಮರುದಿನವೂ ಅವಳಿಗೆ ಸುಮ್ಮನಿರಲಾಗಲಿಲ್ಲ. ತೃಪ್ತಿ ಹೊಸಬಳು. ಶಾಲೆಗೆ ಕಳಿಸಿ ಎಂದು ಹೇಳಿ ಕೈತೊಳೆದುಕೊಂಡರೆ ಮುಗಿಯಿತೇ? ಅತ್ತೆಗೂ ಸ್ನೇಹಲ್‌ಗೂ ಊಟಕ್ಕೆ ಇಟ್ಟು ವಾಕಡದ ಬಸ್ಸು ಹತ್ತಿದಳು. ಹೋಟೆಲಿನಲ್ಲಿ ಬೆಳಗಿನ ಇಡ್ಲಿ ವಡೆಯ ಗದ್ದಲ ಮುಗಿದಿತ್ತು, ಊಟದ ಗದ್ದಲ ಶುರುವಾಗಿರಲಿಲ್ಲ. ತೃಪ್ತಿ ಅವಳನ್ನು ಒಳಗಿನ ಮೇಜಿಗೆ ಕೂರಿಸಿ ಕಾಫಿ ತರಿಸಿದಳು.

ರೇಣು ಕಾಫಿಯನ್ನು ಮುಟ್ಟಲೂ ಇಲ್ಲ. "ನೋಡು ತೃಪ್ತಿ, ಮೊದಲ ನೀ ಒಬ್ಬಾಕೀನ ಹೋಗಿ ಶಾಲಿ ನೋಡಿ ಬಾ. ಫೀ ಆಮ್ಯಾಲ ಕೇಳು, ಮೊದಲ ಸಂಡಾಸ ಎಲ್ಲೈತಿ ಅಂತ ಕೇಳು. ಸ್ವಚ್ಛ ಅದ ಏನು, ಕಣ್ಣಾರೆ ನೋಡು. ಬರಿಯಾಕ ತಡಾ ಮಾಡೋ ಮಕ್ಕಳಿಗೆ ಏನು ಮಾಡ್ತೀರಿ ಅಂತ ಟೀಚರ್‌ನ ಕೇಳು, ಅಕಿ ಮಾರಿ ನೋಡಿದ್ರ ತಿಳೀತದ. ಮೊದಲ ಎಂಟು ದಿನ ಡಬ್ಬಿಗೆ ಕಲಸಿ ತಿನ್ನೂದು ಕಟ್ಟಬ್ಯಾಡ, ಗೆಳ್ಯಾರ ಜೋಡಿ ಹಂಚಿಕೊಳ್ಳಾಕ ಬರೂ ಅಂಥಾದ್ದು ಕಟ್ಟು. ಸುಹಾಸನ ಯೂನಿಫಾರ್ಮ್ ಒಂದು ಸೈಜ್ ದೊಡ್ಡದು ತಗೋ…"

"ರೇಣುಕ್ಕ," ಎಂದಳು ತೃಪ್ತಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಅದು ನಮ್ಮ ಸುಹಾಸ ಅಲ್ಲ."

"ಮತ್ತ?"

"ಅವ ಶಾಲೆ ಅಂದ್ರೆ ಮಂಚದಡಿ ಹೋಗಿ ಕೂತ್ಕೊಳ್ತಾನೆ. ಅದು… ನಿಮ್ಮ ಸ್ನೇಹಲ್."

ರೇಣು ನಕ್ಕಳು. ನಗು ಅರ್ಧಕ್ಕೇ ನಿಂತಿತು, ಏಕೆಂದರೆ ತೃಪ್ತಿ ನಗುತ್ತಿರಲಿಲ್ಲ.

"ಯಾರಿಗೂ ಹೇಳ್ಬೇಡಿ ಅಂದಿದ್ಲು. ಮೀಟಿಂಗಿನಲ್ಲಿ ಕೇಳಿ ಆಂಟಿ, ಮಮ್ಮಿ ಎಂತ ಹೇಳ್ತಾಳೆ ನೋಡುವ, ಹೆಸರು ಮಾತ್ರ ಬೇಡ ಅಂತ ಅವಳೇ ಹೇಳಿಕೊಟ್ಟದ್ದು. ನಾನು ಹೇಳ್ತಿರ್ಲಿಲ್ಲ. ನೀವು ನಮ್ಮ ಮಾಣಿಗೆ ಯೂನಿಫಾರ್ಮ್ ಹೊಲಿಸ್ಲಿಕ್ಕೆ ಹೊರಟದ್ದು ನೋಡಿ ನನಗೆ ತಡೆಯಲಿಲ್ಲ."

"ನನ್ನ ಮುಂದ ಯಾಕ ಹೇಳಲಿಲ್ಲ ಅಕಿ? ನಾ ಏನು ಹೊಡಿತಿದ್ದೆನೇನು?"

ತೃಪ್ತಿ ತಣ್ಣಗಾದ ಕಾಫಿಯನ್ನು ಬದಿಗೆ ಸರಿಸಿದಳು. "ಅವಳು ಶಾಲೆಗೆ ಹೋದ್ರೆ ನಿಮಗೆ ಯಾರೂ ಫೋನ್ ಮಾಡುದಿಲ್ಲಂತೆ. ಮಮ್ಮಿ ಮತ್ತೆ ಮೊದಲಿನ ಹಾಗೆ ಬಚ್ಚಲಲ್ಲಿ ಕೂತು ಅಳ್ತಾಳೆ ಅಂದ್ಲು."

ವಾಪಸು ಬಸ್ಸಿನಲ್ಲಿ ರೇಣುವಿಗೆ ಮೊದಲು ತೃಪ್ತಿಯ ಮೇಲೆ ಸಿಟ್ಟು ಬಂತು. ಪರರ ಮಗಳ ಗುಟ್ಟು ಇಟ್ಟುಕೊಳ್ಳಲು ಇವಳ್ಯಾರು? ಔಂಧ್ ಬರುವ ಹೊತ್ತಿಗೆ ಸಿಟ್ಟು ಸ್ನೇಹಲ್ ಮೇಲೆ ತಿರುಗಿತು. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ಹೋಗಿ ಹೋಗಿ ಇನ್ನೊಬ್ಬಳ ಮುಂದೆ ಬಾಯಿ ಬಿಟ್ಟಿತಲ್ಲ! ಆಮೇಲೆ ತಲೆ ಬೇರೆ ದಾರಿ ಹಿಡಿಯಿತು. ಏನಾಯಿತೀಗ? ವಯಸ್ಸಿನ ಆಸೆ, ಕೆಳಗಿನ ಮನೆಯ ಹುಡುಗಿಯ ರಿಬ್ಬನ್ನು ನೋಡಿ ಹುಟ್ಟಿದ್ದು, ಮುಂದಿನ ಜೂನ್ ತನಕ ನೋಡೋಣ ಎಂದರಾಯಿತು. ತೃಪ್ತಿ ಯಾರಿಗೂ ಹೇಳುವವಳಲ್ಲ. ನಾದಿನಿಗೆ ಗೊತ್ತಾಗುವುದಿಲ್ಲ. ಫೋನು ಬರುವುದು ಬರುತ್ತಲೇ ಇರುತ್ತದೆ. ಮಾತು ಎಷ್ಟು ಸಲೀಸಾಗಿ ಸಿದ್ಧವಾಯಿತೆಂದರೆ ಅವಳಿಗೇ ಅಸಹ್ಯವೆನಿಸಿತು. ನಿನ್ನೆ ಊರ ಮಗುವಿಗೆ ಒಂದು ನ್ಯಾಯ ಹೇಳಿ, ಇವತ್ತು ತನ್ನ ಮಗುವಿಗೆ ಇನ್ನೊಂದೇ? ಅವಳ ಕಣ್ಣಿಂದ ನೀರು ಇಳಿಯಿತು. ಕಂಡಕ್ಟರ್ ಚಿಲ್ಲರೆ ಕೇಳಲು ಬಂದವನು ಕೇಳದೆ ಮುಂದೆ ಹೋದ.

ಮನೆಯಲ್ಲಿ ರುದ್ರವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸ್ನೇಹಲ್ ನೆಲದ ಮೇಲೆ ಬೋರಲಾಗಿ ಮಲಗಿ ಏನೋ ಓದುತ್ತಿದ್ದಳು. ರೇಣು ಚಪ್ಪಲಿ ಕಳಚಿ ಹೋಗಿ ಅವಳ ಪಕ್ಕದಲ್ಲೇ ಕೂತಳು.

"ಶಾಲಿಗೆ ಹೋಗಬೇಕನಸ್ತದೇನು ನಿನಗ?"

ಸ್ನೇಹಲ್ ಎದ್ದು ಕೂತಳು. "ಇಲ್ಲ ಮಮ್ಮಿ. ನನಗ ಮನ್ಯಾಗನ ಛಲೋ ಅದ," ಎಂದಳು. ಎಷ್ಟು ಬೇಗ ಅಂದಳು, ಎಷ್ಟು ಚೆಂದಾಗಿ ಅಂದಳು! ಬಂದ ಬೀಗರ ಮುಂದೆ ಹೇಳುತ್ತಿದ್ದ ಮಾತು ಅದೇ ನಗೆಯೊಂದಿಗೆ ಬಂತು. ಆ ನಗೆ ನೋಡಿ ತಾನು ಎಷ್ಟು ಸಲ ಹಿಗ್ಗಿದ್ದೆ ಎಂದು ರೇಣುವಿಗೆ ನೆನಪಾಯಿತು.

"ತೃಪ್ತಿ ಆಂಟಿ ಎಲ್ಲಾ ಹೇಳಿದ್ಲು."

ನಗು ಹೋಯಿತು. "ನಾ ಹಂಗ ಸುಮ್ನ ಕೇಳಿದ್ದೆ, ಮಮ್ಮಿ. ಖರೇನೂ ನನಗ ಬ್ಯಾಡ."

"ಸುಳ್ಳ ಹೇಳಬ್ಯಾಡ, ಬಾಳಾ. ನಂದು ನಾ ನೋಡ್ಕೋತೀನಿ. ನಿಂದು ಹೇಳು."

"ನೀ ಅಳೂದಿಲ್ಲ?"

ಇಲ್ಲ ಎನ್ನಬೇಕೆಂದು ರೇಣುವಿನ ಬಾಯಿಗೆ ಬಂತು. "ಅಳ್ತೀನಿ," ಎಂದಳು. "ಒಂದೆರಡು ದಿನ ಅಳ್ತೀನಿ. ದೊಡ್ಡಾಕಿ ಇದ್ದೀನಿ, ಅತ್ತು ಸುಮ್ಮನಾಗ್ತೀನಿ. ಅದಕ್ಕಂತ ನೀ ಮನ್ಯಾಗ ಕೂಡೂದು ಬ್ಯಾಡ."

ಸ್ನೇಹಲ್ ತಾಯಿಯ ಮುಖವನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ಹುಡುಗಿಯ ಬಾಯಿಂದ ಮಾತು ಒಂದೇ ಉಸಿರಿಗೆ ಬಂದುಬಿಟ್ಟಿತು.

"ಕೆಳಗಿನ ಮನಿ ಅಶ್ವಿನಿ ಶಾಲ್ಯಾಗ ಜಾಗಾ ಅದ, ಮಮ್ಮಿ. ಐದನೇತ್ತೆ, ಅಕಿ ವರ್ಗದಾಗನ. ಖಿಡಕಿ ಬಾಜೂ ಬೆಂಚು. ಅಲ್ಲೆ ಕೂಡತಿದ್ದ ಹುಡಿಗಿ ನಾಶಿಕಕ್ಕ ಹೋಗ್ಯಾಳ. ಏಳೂವರಿಗೆ ಪ್ರಾರ್ಥನಿ, ಶನಿವಾರ ಪಿ.ಟಿ., ಬಿಳಿ ಬೂಟು ಬೇಕು. ಇನ್ನೂ ಖಾಲೀನ ಅದ. ನಿನ್ನೀನೂ ಕೇಳೀನಿ."

"ಯಾವಾಗಿಂದ ಖಾಲಿ ಅದ?"

"ಜೂನದಾಗಿಂದ. ನಾ ದಿನಾ ಸಂಜೀಕ ಅಶ್ವಿನೀನ ಕೇಳತಿದ್ದೆ, ಯಾರರ ಬಂದು ಕೂತ್ರೇನು ಅಂತ."

ಜೂನ್‌ನಿಂದ. ಮಳೆಗಾಲ ಮುಗಿದು, ಗಣಪತಿ ಬಂದು ಹೋಗಿ, ದೀಪಾವಳಿ ಕಳೆಯುವ ತನಕ ಈ ಹುಡುಗಿ ಸಂಜೆಸಂಜೆ ಕೆಳಗಿಳಿದು ಒಂದು ಬೆಂಚಿನ ಸುದ್ದಿ ಕೇಳಿಕೊಂಡು, ಮೇಲೆ ಬಂದು ತಾಯಿಯ ಮುಂದೆ ನಗುತ್ತಿದ್ದಳು. ತಾನು ಮಗಳನ್ನು ಸಾಕುತ್ತಿದ್ದೇನೆ ಎಂದು ರೇಣು ತಿಳಿದಿದ್ದಳು. ಇಷ್ಟು ದಿನ ಮಗಳೇ ಅವಳನ್ನು ಸಾಕಿದ್ದಳು.

ಅವಳು ಸ್ನೇಹಲ್‌ಳ ತಲೆಯನ್ನು ಎದೆಗೆ ಒತ್ತಿಕೊಂಡಳು, ಬಹಳ ಹೊತ್ತು ಬಿಡಲಿಲ್ಲ. ಬಿಟ್ಟಾಗ ಇಬ್ಬರ ಮುಖವೂ ಒದ್ದೆಯಾಗಿತ್ತು.

"ಏಳು. ಮಾರಿ ತೊಳಕೊಂಡು ಬಾ. ಶಾಲಿ ಆಫೀಸ್ ಐದರ ತನಕ ಇರ್ತದ."

"ಈಗ? ಇವತ್ತ?"

"ಇವತ್ತನ. ಯಾರರ ಬಂದು ಕೂತ್ರ ಏನ್ಮಾಡೂದು?"

ಸ್ನೇಹಲ್ ಬಚ್ಚಲಿಗೆ ಓಡಿದಳು. ರುದ್ರವ್ವ ಮೊರ ಬದಿಗಿಟ್ಟು ಎದ್ದು, ಮೊಮ್ಮಗಳಿಗೆ ಎರಡು ಜಡೆ ಹಾಕಲು ಬಾಚಣಿಗೆ ಹುಡುಕತೊಡಗಿದಳು.